ಮಳೆಗಾಲದಲ್ಲಿ ಸಣ್ಣ ಮಿಶ್ರತಳಿ ನಾಯಿ: ಸ್ನಾನ ಕಡಿಮೆ ಮಾಡಿ, ಒರೆಸುವುದನ್ನು ಹೆಚ್ಚು ಮಾಡಿ

ಕೊಡಗಿನ ನಾಪೋಕ್ಲಿನಲ್ಲಿರುವ ನಮ್ಮ ಗುಂಪಿನ ಸದಸ್ಯರೊಬ್ಬರು ತಮ್ಮ ಏಳು ಕೆ.ಜಿ. ತೂಕದ ಪೊಮೆರೇನಿಯನ್–ನಾಟಿ ಮಿಶ್ರತಳಿಯ ನಾಯಿ ನಾರುತ್ತದೆಂದು ಮೂರು ದಿನಕ್ಕೊಮ್ಮೆ ಮನೆಯವರ ಶಾಂಪೂ ಹಾಕಿ ಮೀಯಿಸುತ್ತಿರುವುದಾಗಿಯೂ, ಉಣ್ಣೆಗೆ (ರಕ್ತ ಹೀರುವ ಉಣ್ಣಿಹುಳಕ್ಕೆ) ದನಗಳ ಔಷಧಿಯನ್ನು ಅಂದಾಜಿನಲ್ಲಿ ನೀರಿಗೆ ಬೆರೆಸಿ ಹಚ್ಚಿದ್ದಾಗಿಯೂ, ಇನ್ನು ಕೂದಲನ್ನು ಪೂರ್ತಿ ಬೋಳಿಸಲಿರುವುದಾಗಿಯೂ ಬರೆದಿದ್ದಾರೆ. ದಯವಿಟ್ಟು ಮೂರನ್ನೂ ಇಂದೇ ನಿಲ್ಲಿಸಿ. ನಮ್ಮ ಮನೆಯಲ್ಲಿ ಹಿಂದೆ ಇದೇ ಕ್ರಮವಿತ್ತು. ಕಕ್ಕಡ (ಜುಲೈ–ಆಗಸ್ಟ್‌ನ ಮಳೆ ತಿಂಗಳು) ಮುಗಿಯುವಷ್ಟರಲ್ಲಿ ನಾಯಿಯ ಬೆನ್ನು ಕೆಂಪಾಗಿ, ಮುಟ್ಟಿದಲ್ಲೆಲ್ಲ ಕೀವು ಒಸರುತ್ತಿತ್ತು.

ಪೊಮೆರೇನಿಯನ್ ರಕ್ತವಿರುವ ನಾಯಿಗೆ ಕೂದಲು ಎರಡು ಪದರ. ಮೇಲಿನದು ಬೇಗ ಒಣಗುತ್ತದೆ, ಒಳಗಿನ ಮೆತ್ತನೆಯ ಪದರ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಿಸಿಲೇ ಕಾಣದ ಜುಲೈ ತಿಂಗಳಲ್ಲಿ ಆ ತೇವ ದಿನಗಟ್ಟಲೆ ಆರದೆ ಚರ್ಮದ ಮೇಲೆ ಶಿಲೀಂಧ್ರ ಬೆಳೆಯುತ್ತದೆ. ನಿಮಗೆ ಬರುತ್ತಿರುವ ಹುಳಿ ವಾಸನೆ ಬಹುತೇಕ ಅದರದೇ. ಮೀಯಿಸಿದಷ್ಟೂ ತೇವ ಹೆಚ್ಚುತ್ತದೆ. ನಮ್ಮ ಚರ್ಮ ಆಮ್ಲೀಯ, ನಾಯಿಯದು ತಟಸ್ಥಕ್ಕೆ ಹತ್ತಿರ. ಹಾಗಾಗಿ ನಮ್ಮ ಶಾಂಪೂ ಎಷ್ಟೇ ದುಬಾರಿಯದ್ದಾದರೂ ಅದಕ್ಕೆ ಹೊಂದುವುದಿಲ್ಲ.

ನಮ್ಮಲ್ಲಿ ಫಲ ಕೊಟ್ಟದ್ದು ಒರೆಸುವ ಕ್ರಮ. ಹೊರಗಿನಿಂದ ಬಂದ ಕೂಡಲೇ ಹಳೆಯ ಹತ್ತಿ ಪಂಚೆಯನ್ನು ಒತ್ತಿ ಒತ್ತಿ ನೀರು ತೆಗೆಯಬೇಕು. ತಿಕ್ಕಿದರೆ ಒಳಗೂದಲು ಜಡೆಗಟ್ಟುತ್ತದೆ. ಆಮೇಲೆ ಒಣಗಿದ ಇನ್ನೊಂದು ಬಟ್ಟೆ ಹಿಡಿದು, ಕೂದಲನ್ನು ಬೈತಲೆ ತೆಗೆದಂತೆ ಸಾಲುಸಾಲಾಗಿ ಬಿಡಿಸಿ ಚರ್ಮದವರೆಗೂ ಒರೆಸಿ, ಸ್ಟೀಲ್ ಬಾಚಣಿಗೆಯಿಂದ ಬಾಚಬೇಕು. ಕಿವಿಯ ಹಿಂದೆ, ಕಂಕುಳು, ಬಾಲದ ಬುಡ, ಬೆರಳುಗಳ ಸಂದು, ಈ ನಾಲ್ಕು ಜಾಗಗಳನ್ನು ಎಂದೂ ಬಿಡಬಾರದು. ಕರೆಂಟ್ ಇದ್ದರೆ ಹೇರ್ ಡ್ರೈಯರನ್ನು ಕಡಿಮೆ ಬಿಸಿಯಲ್ಲಿ, ನಿಮ್ಮ ಕೈಗೆ ಹಿತವೆನಿಸುವಷ್ಟು ದೂರದಲ್ಲಿ ಹಿಡಿಯಬಹುದು. ಒಲೆಯ ಪಕ್ಕ ಕಟ್ಟಿಹಾಕಿ ಒಣಗಿಸುವುದು ಮಾತ್ರ ಬೇಡ: ಮೇಲ್ಗೂದಲು ಕಾಯುತ್ತದೆಯೇ ಹೊರತು ಬುಡ ಹಸಿಯಾಗಿಯೇ ಉಳಿಯುತ್ತದೆ, ಹೊಗೆಯೂ ಗಂಟಲಿಗೆ ಕೆಟ್ಟದ್ದು. ಬೋಳಿಸುವುದಂತೂ ಬೇಡವೇ ಬೇಡ; ಈ ಬಗೆಯ ಕೂದಲು ಒಮ್ಮೆ ಬೋಳಿಸಿದರೆ ಕೆಲವು ನಾಯಿಗಳಲ್ಲಿ ತಿಂಗಳುಗಟ್ಟಲೆ ಸರಿಯಾಗಿ ಮರಳಿ ಬೆಳೆಯುವುದಿಲ್ಲ. ಪಾದದ ಅಡಿಯ ಮತ್ತು ಬಾಲದ ಕೆಳಗಿನ ಕೂದಲನ್ನು ಕತ್ತರಿಸಿದರೆ ಸಾಕು. ಆದರೆ ಚರ್ಮ ಈಗಾಗಲೇ ಒಸರುತ್ತಿದ್ದರೆ ಆ ಭಾಗದ ಕೂದಲನ್ನು ವೈದ್ಯರೇ ತೆಗೆಯಲಿ, ಮುಲಾಮನ್ನೂ ಅವರೇ ಹೇಳಲಿ.

ದನದ ಔಷಧಿಯ ವಿಷಯದಲ್ಲಿ ಖಂಡಿತವಾಗಿ ಹೇಳುತ್ತೇನೆ: ಮುನ್ನೂರು ಕೆ.ಜಿ. ಪ್ರಾಣಿಗೆ ತಂದದ್ದನ್ನು ಏಳು ಕೆ.ಜಿ. ಜೀವಕ್ಕೆ, ಅದೂ ಮೈ ನೆಕ್ಕಿಕೊಳ್ಳುವ ಜೀವಕ್ಕೆ, ಅಂದಾಜಿನಲ್ಲಿ ಹಚ್ಚುವುದು ಅಪಾಯದ ಕೆಲಸ. ಸಣ್ಣ ನಾಯಿಯನ್ನು ತೂಗಿಯೇ ಔಷಧಿ ಕೊಡಬೇಕು. ಉಣ್ಣೆಗೆಂದು ಕೊಡುವ ಮಾತ್ರೆಗಳಲ್ಲಿ ಬ್ರಾವೆಕ್ಟೊ ಸುಮಾರು ಹನ್ನೆರಡು ವಾರ, ನೆಕ್ಸ್‌ಗಾರ್ಡ್ ಒಂದು ತಿಂಗಳು ಕೆಲಸ ಮಾಡುತ್ತದೆ. ಸಣ್ಣ ನಾಯಿಗೆ ಮೊದಲ ಬಾರಿ ಕೊಡುವಾಗ ನನ್ನ ಒಲವು ತಿಂಗಳ ಮಾತ್ರೆಯ ಕಡೆಗೆ, ಏಕೆಂದರೆ ಅದು ಕೆಲಸ ಮಾಡುವ ಅವಧಿ ಕಡಿಮೆ. ಹಿಂದೆ ಎಂದಾದರೂ ಅಪಸ್ಮಾರ ಬಂದಿದ್ದರೆ ಈ ಎರಡನ್ನೂ ವೈದ್ಯರನ್ನು ಕೇಳದೆ ಕೊಡಬಾರದು. ನಾಯಿಯ ಉಣ್ಣೆ ತನ್ನ ಆಯುಸ್ಸಿನ ಹೆಚ್ಚಿನ ಭಾಗವನ್ನು ಗೋಡೆಯ ಬಿರುಕಿನಲ್ಲಿ ಕಳೆಯುತ್ತದೆ, ಒಂದು ಹೆಣ್ಣು ಅಲ್ಲಿಯೇ ಸಾವಿರಾರು ಮೊಟ್ಟೆಯಿಡುತ್ತದೆ. ಆದ್ದರಿಂದ ಹಾಸಿದ ಗೋಣಿಚೀಲವನ್ನು ಸುಟ್ಟು, ಬಿರುಕುಗಳಿಗೆ ಸಿಮೆಂಟ್ ಮೆತ್ತಿ, ಬಿಸಿನೀರಿನಲ್ಲಿ ಒಗೆಯಬಹುದಾದ ಬಟ್ಟೆ ಹಾಸಿ.

ತೋಟದ ಮನೆಗಳಲ್ಲಿ ಇನ್ನೊಂದು ಅಪಾಯವಿದೆ. ಆಫ್ರಿಕನ್ ಬಸವನಹುಳಕ್ಕೆ ತವುಡು ಬೆಲ್ಲದಲ್ಲಿ ವಿಷ ಕಲಸಿ ಇಡುವ ದಿನಗಳಲ್ಲಿ ನಾಯಿಯನ್ನು ತೋಟಕ್ಕೆ ಬಿಡಬೇಡಿ. ಬೆಲ್ಲದ ವಾಸನೆಗೆ ಅದು ನೇರ ಅಲ್ಲಿಗೇ ಹೋಗುತ್ತದೆ. ಮಡಿಕೇರಿಯಿಂದ ತಂದ ಚಾಕೊಲೇಟ್, ಕಾಫಿಪುಡಿಯ ಗಸಿ, ಜ್ವರಕ್ಕೆಂದು ನಾವು ನುಂಗುವ ಮಾತ್ರೆಗಳು, ಇವೆಲ್ಲ ದೊಡ್ಡ ನಾಯಿ ತಡೆದುಕೊಳ್ಳಬಹುದಾದ ಪ್ರಮಾಣದಲ್ಲೇ ಸಣ್ಣದಕ್ಕೆ ವಿಷವಾಗುತ್ತವೆ. ರಾತ್ರಿ ಜಗಲಿಯಲ್ಲಿ ಕಟ್ಟುವ ಅಭ್ಯಾಸವನ್ನೂ ಬಿಡಿ, ಚಿರತೆ ಓಡಾಡುವ ಜಾಗ ನಮ್ಮದು.

ಮಿಶ್ರತಳಿಗೆ ಕಾಯಿಲೆಯೇ ಬರುವುದಿಲ್ಲವೆಂದು ಆ ಸದಸ್ಯರ ಬರಹದ ಕೆಳಗೆ ಇನ್ನೊಬ್ಬರು ಬರೆದಿದ್ದಾರೆ, ಅದನ್ನು ನಂಬಬೇಡಿ. ನಾಟಿಯ ಗಟ್ಟಿತನ ಬಂದಿರಬಹುದು, ಪೊಮೆರೇನಿಯನ್ನಿನ ಮೆತ್ತನೆಯ ಶ್ವಾಸನಾಳ, ಜಾರುವ ಮಂಡಿಚಿಪ್ಪು, ಉದುರದ ಹಾಲುಹಲ್ಲು ಕೂಡ ಬಂದಿರಬಹುದು. ಕುತ್ತಿಗೆ ಪಟ್ಟಿಯ ಬದಲು ಎದೆಗೆ ಹಾಕುವ ಪಟ್ಟಿ ಬಳಸಿ. ಬರಿಯ ಅನ್ನ ತಿನ್ನಿಸಿ ದಪ್ಪ ಮಾಡಿದರೆ ಮಂಡಿಗೆ ಭಾರ ಬೀಳುತ್ತದೆ. ರೇಬೀಸ್ ಲಸಿಕೆಯ ಜೊತೆಗೆ ಇಲಿಜ್ವರದ ಲಸಿಕೆಯೂ ಪ್ರತಿವರ್ಷ ಆಗಬೇಕು, ಗದ್ದೆಯ ನೀರು ಕುಡಿಯುವ ನಾಯಿಗಂತೂ ಇದು ಅತ್ಯಗತ್ಯ.

ಮೂಗಿನಲ್ಲಿ ರಕ್ತ ಕಂಡರೆ ನಮ್ಮವರು ಜಿಗಣೆ ಹೊಕ್ಕಿದೆಯೆಂದು ಸುಮ್ಮನಾಗುತ್ತಾರೆ. ತೋಡಿನ ನೀರು ಕುಡಿದ ನಾಯಿಗೆ ಅದು ನಿಜವೂ ಇರಬಹುದು. ಆದರೆ ಉಣ್ಣೆಜ್ವರದಲ್ಲಿಯೂ ಹಾಗೆಯೇ ರಕ್ತ ಬರುತ್ತದೆ. ನಿಮ್ಮ ನಾಯಿಗೆ ಉಣ್ಣೆ ಹತ್ತಿರುವುದರಿಂದ, ಇಂದೇ ತುಟಿ ಎತ್ತಿ ವಸಡು ನೋಡಿ. ಅದು ಬಿಳಿಚಿದ್ದರೆ, ಮೂತ್ರ ಕಂದಾಗಿದ್ದರೆ ಅಥವಾ ಊಟ ಬಿಟ್ಟಿದ್ದರೆ ಮಳೆ ನಿಲ್ಲಲೆಂದು ಕಾಯದೆ ಪಶುವೈದ್ಯರಲ್ಲಿಗೆ ಕರೆದೊಯ್ದು ರಕ್ತಪರೀಕ್ಷೆ ಮಾಡಿಸಿ, ಹಚ್ಚಿದ ದನದ ಔಷಧಿಯ ಬಾಟಲಿಯನ್ನೂ ಜೊತೆಗೆ ಒಯ್ಯಿರಿ.