ನಾಲ್ಕು ಸೈಟು, ಒಬ್ಬ ಬಿಲ್ಡರ್: ವಕೀಲರು ಎಷ್ಟು ಜನ?

ಬೆಂಗಳೂರಿನ ಜಯನಗರದಿಂದ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಸಾಲಿನಲ್ಲಿ 30x40ರ ನಾಲ್ಕು ಸೈಟುಗಳಿವೆ. ಎಲ್ಲವೂ ಹಳೇ ಮನೆಗಳು. ಒಬ್ಬ ಬಿಲ್ಡರ್ ನಾಲ್ಕನ್ನೂ ಒಟ್ಟಿಗೆ ಕೇಳುತ್ತಿದ್ದಾರೆ. 'ನಮ್ಮ ಲಾಯರೇ ಪೇಪರ್ ಎಲ್ಲ ನೋಡ್ಕೋತಾರೆ, ನಿಮಗೆ ಒಂದು ಪೈಸೆ ಖರ್ಚಿಲ್ಲ' ಅಂತಾರೆ. ಮೂಲೆ ಮನೆಯವರು ಆಗಲೇ ಟೋಕನ್ ಅಡ್ವಾನ್ಸ್ ತಗೊಂಡಂತಿದೆ. ನಾವು ಬೇರೆ ವಕೀಲರನ್ನು ಹಿಡಿಯಬೇಕಾ? ನಾಲ್ವರಿಗೂ ಒಬ್ಬರೇ ಸಾಕಾ?"

ನಿಮ್ಮ ಪತ್ರ ಓದುವಾಗ ನಾನು ನಿಂತಿದ್ದು ಆ "ಒಂದು ಪೈಸೆ ಖರ್ಚಿಲ್ಲ" ಅನ್ನುವ ಮಾತಿನ ಹತ್ತಿರ. ಬಿಲ್ಡರ್ ಕಡೆಯ ವಕೀಲರು ಒಳ್ಳೆಯವರೇ ಇರಬಹುದು. ಆದರೆ ಅವರು ನಿಮ್ಮ ಪತ್ರಗಳನ್ನು ನೋಡುವುದು ನಾಳೆ ಬಿಲ್ಡರ್‌ಗೆ ತಕರಾರು ಬರಬಾರದು ಅಂತ. ನಿಮ್ಮ ದುಡ್ಡು ಯಾವಾಗ ಬರುತ್ತದೆ, ಬರದಿದ್ದರೆ ಗತಿ ಏನು ಅಂತ ನೋಡುವುದು ಅವರ ಕೆಲಸ ಅಲ್ಲ. ನಿಮಗೆ ನಿಮ್ಮದೇ ವಕೀಲರು ಬೇಕು.

ನಾಲ್ವರಿಗೂ ಒಬ್ಬರು ಸಾಕಾ? ಬಿಲ್ಡರ್ ಎದುರು ಕೂತು ಮಾತಾಡುವ ಮಟ್ಟಿಗೆ ಸಾಕು. ಫೀಸೂ ನಾಲ್ಕು ಪಾಲಾಗುತ್ತದೆ. ತೊಡಕು ಬರುವುದು ಹಂಚಿಕೆಯಲ್ಲಿ. ಮೂಲೆ ಮನೆಗೆ ಎರಡು ರಸ್ತೆ, ಅವರು ಜಾಸ್ತಿ ಕೇಳುತ್ತಾರೆ. ಮಧ್ಯದವರು "ನಾನಿಲ್ಲದೆ 4800 ಚದರ ಅಡಿ ಹೇಗೆ ಸೇರುತ್ತೆ?" ಅನ್ನುತ್ತಾರೆ. ಇಬ್ಬರ ಮಾತೂ ಸರಿ, ಅಲ್ವಾ? ಒಬ್ಬರೇ ವಕೀಲರು ಇಬ್ಬರ ಪರವಾಗಿಯೂ ಎಳೆದಾಡೋಕಾಗುವುದಿಲ್ಲ. ಹಂಚಿಕೆಯ ಆ ಒಂದು ಪುಟವನ್ನು ಮಾತ್ರ ಪ್ರತಿಯೊಬ್ಬರೂ ತಮಗೆ ಬೇಕಾದ ವಕೀಲರಿಗೆ ಒಮ್ಮೆ ತೋರಿಸಿ.

ಹಾಗಾಗಿ ಮೊದಲ ಕಾಗದ ಆಗಬೇಕಾದದ್ದು ಬಿಲ್ಡರ್ ಜೊತೆ ಅಲ್ಲ, ನಿಮ್ಮ ನಿಮ್ಮೊಳಗೆ. ಇಷ್ಟು ತಿಂಗಳು ಯಾರೂ ಒಬ್ಬೊಬ್ಬರೇ ಹೋಗಿ ಮಾತಾಡುವುದಿಲ್ಲ, ಹಂಚಿಕೆ ಹೀಗೆ, ಒಬ್ಬರು ಹಿಂದೆ ಸರಿದರೆ ಅಲ್ಲಿವರೆಗಿನ ಖರ್ಚು ಯಾರದ್ದು, ಇಷ್ಟೂ ಬರಹದಲ್ಲಿರಲಿ. ಪೂರ್ತಿ ಮಾರುವುದಾದರೆ ನಾಲ್ಕೂ ಕ್ರಯಪತ್ರ ಒಂದೇ ದಿನ ರಿಜಿಸ್ಟರ್ ಆಗಲಿ, ನಾಲ್ಕೂ ಡಿಡಿ ಒಟ್ಟಿಗೇ ಮೇಜಿನ ಮೇಲೆ ಬರಲಿ. ಮೂರು ಸೈಟು ಕೈಗೆ ಬಂದ ಮೇಲೆ ಬಿಲ್ಡರ್ ನಾಲ್ಕನೆಯವರ ಜೊತೆ ಮಾತಾಡುವ ದನಿಯೇ ಬೇರೆ.

ನಮ್ಮ ಚಿಕ್ಕಪ್ಪನ ಬೀದಿಯಲ್ಲಿ ಮೂರು ಮನೆಯವರು ಹೀಗೇ ಹೊರಟಿದ್ದರು. ಟೇಪು ಹಿಡಿದ ದಿನ ನಾನೂ ಅಲ್ಲಿದ್ದೆ. ಪತ್ರದಲ್ಲಿ 30 ಅಡಿ, ನೆಲದ ಮೇಲೆ ಇಪ್ಪತ್ತೊಂಬತ್ತೂವರೆ. ಉಳಿದ ಅರ್ಧ ಅಡಿ ಪಕ್ಕದವರ ಕಾಂಪೌಂಡಿನೊಳಗೆ, ಅವರ ಕರಿಬೇವಿನ ಗಿಡದ ಬುಡದಲ್ಲಿತ್ತು. ಮೂವತ್ತು ವರ್ಷ ಯಾರಿಗೂ ಬೇಕಿಲ್ಲದ ಅರ್ಧ ಅಡಿ ಅವತ್ತು ಎರಡು ಮನೆಯವರ ಮಾತು ಬಿಡಿಸಿತು. ಅದು ಹೇಗೋ ಬಗೆಹರಿಯಿತು. ಆಮೇಲೆ ಗೊತ್ತಾಗಿದ್ದು, ಮೂರನೇ ಮನೆಯವರ ಅಕ್ಕ ಧಾರವಾಡದಲ್ಲಿದ್ದಾರೆ, ಅವರನ್ನು ಯಾರೂ ಕೇಳಿಯೇ ಇಲ್ಲ ಅಂತ. ಅಪ್ಪ ಉಯಿಲು ಬರೆಯದೆ ತೀರಿಕೊಂಡಿದ್ದರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅಪ್ಪನ ಸ್ವಂತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಪಿತ್ರಾರ್ಜಿತದಲ್ಲೂ 2005ರ ತಿದ್ದುಪಡಿಯಿಂದ ಸಮಪಾಲು ಬಂತು, ಸುಪ್ರೀಂ ಕೋರ್ಟ್ 2020ರಲ್ಲಿ ಅದನ್ನು ಇನ್ನಷ್ಟು ಸ್ಪಷ್ಟ ಮಾಡಿತು. ಆ ಅಕ್ಕ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವಷ್ಟರಲ್ಲಿ ಬಿಲ್ಡರ್ ಬೇರೆ ಬೀದಿಗೆ ಹೋಗಿದ್ದರು. ನಿಮ್ಮ ನಾಲ್ಕೂ ಮನೆಯ ವಂಶವೃಕ್ಷ, ಇಸಿ (ಆಸ್ತಿಯ ಮೇಲೆ ನಡೆದ ನೋಂದಾಯಿತ ವ್ಯವಹಾರಗಳ ಪಟ್ಟಿ), ಖಾತಾ ಈಗಲೇ ತೆಗೆಸಿ. ಮೂಲಪತ್ರ ಮಾತ್ರ ಯಾರ ಕೈಗೂ ಸುಮ್ನೆ ಕೊಡಬೇಡಿ.

ಬಿಲ್ಡರ್ ದುಡ್ಡಿನ ಬದಲು ಫ್ಲ್ಯಾಟು ಕೊಡುತ್ತೇನೆ ಅಂದರೆ ಅದು ಜಂಟಿ ಅಭಿವೃದ್ಧಿ ಒಪ್ಪಂದ. ಅದರ ಜೊತೆ ಜಿಪಿಎ, ಅಂದರೆ ನಿಮ್ಮ ಪರವಾಗಿ ಸಹಿ ಹಾಕುವ ಅಧಿಕಾರಪತ್ರ, ಕೇಳುತ್ತಾರೆ. ಪ್ಲ್ಯಾನ್ ಮಂಜೂರಾತಿಗೆ ಅಧಿಕಾರ ಕೊಡಿ, ನಿಮ್ಮ ಪಾಲಿನ ಫ್ಲ್ಯಾಟ್ ಮಾರುವ ಅಧಿಕಾರ ಕೊಡಬೇಡಿ. ಜಿಪಿಎ ಪಡೆದವರಿಗೆ ಆ ಆಸ್ತಿಯಲ್ಲಿ ಸ್ವಂತ ಹಿತವಿದ್ದರೆ, ಆ ಹಿತಕ್ಕೆ ಧಕ್ಕೆ ಆಗುವಂತೆ ಜಿಪಿಎ ರದ್ದು ಮಾಡೋಕಾಗುವುದಿಲ್ಲ. 1872ರ ಕರಾರು ಕಾಯ್ದೆಯ 202ನೇ ಸೆಕ್ಷನ್ ಹೇಳುವುದು ಇದನ್ನೇ. ಇನ್ನೊಂದು ಮಾತು. ಕಟ್ಟುವವರು ಒಬ್ಬರು, ಮಾರುವವರು ಇನ್ನೊಬ್ಬರು ಆದರೆ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಇಬ್ಬರನ್ನೂ ಪ್ರವರ್ತಕರು, ಅಂದರೆ ಯೋಜನೆಗೆ ಹೊಣೆಗಾರರು ಅಂತಲೇ ನೋಡುತ್ತದೆ. ನಿಮ್ಮ ಪಾಲಿನ ಫ್ಲ್ಯಾಟ್ ಕೊಂಡವರು ನಾಳೆ ದೂರು ಕೊಟ್ಟರೆ ನೋಟಿಸು ನಿಮ್ಮ ಬಾಗಿಲಿಗೂ ಬರಬಹುದು. ತೆರಿಗೆಯ ಲೆಕ್ಕವೂ ಎರಡು ದಾರಿಗೆ ಬೇರೆ ಬೇರೆ, ಸಹಿಗೆ ಮುಂಚೆ ಒಬ್ಬ ಆಡಿಟರ್ ಹತ್ತಿರ ಕೂತುಕೊಳ್ಳಿ.

ನಾಲ್ವರಲ್ಲಿ ಒಬ್ಬರು ಒಪ್ಪದಿದ್ದರೆ? ಮುಂಬೈನ ಹೌಸಿಂಗ್ ಸೊಸೈಟಿಗಳಲ್ಲಿ ಹಳೇ ಕಟ್ಟಡ ಕೆಡವಿ ಕಟ್ಟುವ ತೀರ್ಮಾನ ಬಹುಮತದ ಮೇಲೆ ನಡೆಯುತ್ತದೆ ಅಂತ ಕೇಳಿರುತ್ತೀರಿ. ನಿಮ್ಮದು ಬಿಡಿ ಬಿಡಿ ಸೈಟುಗಳು. ಮೂವರು ಸೇರಿ ನಾಲ್ಕನೆಯವರನ್ನು ಒತ್ತಾಯಿಸಲು ಬರುವುದಿಲ್ಲ, ಬರಬಾರದು ಕೂಡ.

ಫೀಸಿನ ಚಿಂತೆ ಇದ್ದರೆ, ಸೈಟು ಹೆಂಗಸರ ಹೆಸರಲ್ಲಿದೆಯಾ ನೋಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಹೆಣ್ಣುಮಕ್ಕಳು ಆದಾಯ ಎಷ್ಟೇ ಇರಲಿ ಉಚಿತ ಕಾನೂನು ಸಲಹೆ ಕೇಳಬಹುದು. ಸಹಾಯವಾಣಿ 15100.

ಈಗ ಮೂಲೆ ಮನೆಯವರ ವಿಷಯ. ಅವರ ಮೇಲೆ ಸಿಟ್ಟು ಬೇಡ. ಈ ಭಾನುವಾರ ಸಂಜೆ ಕಾಫಿಗೆ ಕರೆಯಿರಿ. ಬರುವಾಗ ಸಹಿ ಹಾಕಿದ ಕಾಗದದ ಒಂದು ಜೆರಾಕ್ಸ್ ಹಿಡಿದು ಬರಲು ಹೇಳಿ.