ಬೆಂಗಳೂರಿಗೆ ಒಂದು ಹಗಲು, ಎರಡು ರಾತ್ರಿ: ಕಡಿಮೆ ಖರ್ಚಿನಲ್ಲಿ ಹೋಗಿಬರುವುದು ಹೇಗೆ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನಾವು ಬ್ರಹ್ಮಾವರದವರು. ತಂದೆಗೆ 67 ವರ್ಷ. ಹೃದಯದ ಚಿಕಿತ್ಸೆಯಾದ ಬಳಿಕ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ಆಗಾಗ ತಪಾಸಣೆಗೆ ಹೋಗಬೇಕಾಗುತ್ತದೆ. ತಾಯಿಯೂ ಜೊತೆಗೆ ಬರುತ್ತಾರೆ. ಕಳೆದ ಬಾರಿ ಬಾಡಿಗೆ ಕಾರು ಮಾಡಿಕೊಂಡು ಹೋಗಿ, ಲಾಡ್ಜ್‌ನಲ್ಲಿ ಒಂದು ರಾತ್ರಿ ಉಳಿದು ಬಂದೆವು. ತಪಾಸಣೆ, ಔಷಧಿಗಳಿಗಿಂತ ಪ್ರಯಾಣದ ಖರ್ಚೇ ಹೆಚ್ಚಾಯಿತು. ಅಲ್ಲಿ ಉಳಿದುಕೊಳ್ಳದೆ, ಹಿರಿಯರಿಗೆ ತ್ರಾಸವಾಗದಂತೆ ಮೂವರು ಹೋಗಿಬರಲು ದಾರಿ ಇದೆಯೆ?

ಉತ್ತರ: ಇದೆ. ಉಡುಪಿಯಿಂದ ಬೆಂಗಳೂರಿಗೆ ಸುಮಾರು 400 ಕಿಲೋಮೀಟರ್; ನಡುವೆ ಘಟ್ಟ ಹತ್ತಲೇಬೇಕಾದ್ದರಿಂದ ಬೆಳಿಗ್ಗೆ ಹೊರಟು ಕೆಲಸ ಮುಗಿಸಿ ಅದೇ ರಾತ್ರಿ ಮನೆ ಸೇರುವುದು ಕರಾವಳಿಯವರಿಗೆ ಆಗದ ಮಾತು. ರಾತ್ರಿ ಹೊರಟು, ಹಗಲಿಡೀ ಅಲ್ಲಿದ್ದು, ಮರುರಾತ್ರಿಯೇ ಹಿಂದಿರುಗುವುದೊಂದೇ ಲಾಡ್ಜ್ ಬಾಡಿಗೆಯನ್ನು ಪೂರ್ತಿಯಾಗಿ ಉಳಿಸುವ ಕ್ರಮ. ಹೀಗೆ ಹೋಗುವವರಲ್ಲಿ ಬಹುತೇಕರು ಹೋಗುವ ಟಿಕೆಟ್ಟಿನ ಬೆಲೆಯನ್ನು ಚೌಕಾಸಿಯಿಂದ ನೋಡಿ, ಮರಳುವುದನ್ನು ‘ಅಲ್ಲಿ ಹೋದ ಮೇಲೆ ನೋಡೋಣ’ ಎಂದು ಬಿಟ್ಟುಬಿಡುತ್ತಾರೆ. ಖರ್ಚು ಕೈಮೀರುವುದು ಅಲ್ಲಿಯೇ. ಸಂಜೆ ಬೆಂಗಳೂರಿನಲ್ಲಿ ನಿಂತು ಸಿಕ್ಕಿದ ಬಸ್ಸಿಗೆ ಕೇಳಿದಷ್ಟು ಕೊಡುವುದು, ಅದೂ ಸಿಗದಿದ್ದರೆ ಕೊಠಡಿ ಹಿಡಿಯುವುದು, ಇವೆರಡೂ ಮರಳುವ ಟಿಕೆಟ್ ಇಲ್ಲದವರ ಪಾಡು. ಆದ್ದರಿಂದ ಮೊದಲು ಹಿಂದಿರುಗುವ ಟಿಕೆಟ್ ಮಾಡಿಸಿ, ಅನಂತರ ಹೋಗುವುದರ ಯೋಚನೆ ಮಾಡಿ ಎಂಬುದು ನನ್ನ ಸಲಹೆ.

ನಿಮ್ಮ ಕುಟುಂಬಕ್ಕೆ ರೈಲೇ ಸೂಕ್ತ. ಕಾರವಾರ ಮತ್ತು ಬೆಂಗಳೂರಿನ ನಡುವೆ ಪ್ರತಿ ರಾತ್ರಿ ಓಡುವ ಪಂಚಗಂಗಾ ಎಕ್ಸ್‌ಪ್ರೆಸ್ ಮಂಗಳೂರು ಸೆಂಟ್ರಲ್‌ಗೆ ಹೋಗದೆ ಪಡೀಲ್ ಮೂಲಕ ನೇರವಾಗಿ ಘಟ್ಟದ ಕಡೆಗೆ ತಿರುಗುವುದರಿಂದ ಉಡುಪಿ, ಕುಂದಾಪುರದವರಿಗೆ ಸಮಯ ಉಳಿಯುತ್ತದೆ. ಇಂದ್ರಾಳಿಯಲ್ಲಿರುವ ಉಡುಪಿ ರೈಲು ನಿಲ್ದಾಣದಲ್ಲಿ ರಾತ್ರಿ ಹತ್ತಿದರೆ ಬೆಳಿಗ್ಗೆ ಕಚೇರಿಗಳು ತೆರೆಯುವ ಮೊದಲೇ ಬೆಂಗಳೂರು ಸಿಟಿ ನಿಲ್ದಾಣದಲ್ಲಿ ಇಳಿಯಬಹುದು. ಸ್ಲೀಪರ್ ದರ್ಜೆಯ ದರ ತಲೆಗೆ 300 ರೂಪಾಯಿಯ ಆಸುಪಾಸಿನಲ್ಲಿದೆ; ಮೂವರು ಹೋಗಿಬರಲು 2,000 ರೂಪಾಯಿ ಧಾರಾಳವಾಗಿ ಸಾಕು. ತಂದೆಯವರಿಗೆ ಎಸಿ ಬೋಗಿಯೇ ಬೇಕೆಂದರೂ ಮೂವರ ಒಟ್ಟು ಖರ್ಚು ಬಾಡಿಗೆ ಕಾರಿನ ಹತ್ತಿರಕ್ಕೂ ಬಾರದು.

ಟಿಕೆಟ್ ಮಾಡಿಸುವಾಗ ಒಂದು ಸೂಕ್ಷ್ಮವನ್ನು ಗಮನಿಸಬೇಕು. ರೈಲ್ವೆಯಲ್ಲಿ 60 ದಾಟಿದ ಪುರುಷರಿಗೂ 45 ದಾಟಿದ ಮಹಿಳೆಯರಿಗೂ ಕೆಳಗಿನ ಬರ್ತ್‌ಗಳ ಪ್ರತ್ಯೇಕ ಕೋಟಾ ಇದೆ, ಆದರೆ ಒಂದು ಟಿಕೆಟ್ಟಿನಲ್ಲಿ ಒಬ್ಬರೇ ಅಥವಾ ಅರ್ಹರಾದ ಇಬ್ಬರೇ ಇದ್ದಾಗ ಮಾತ್ರ ಅದು ಅನ್ವಯಿಸುತ್ತದೆ. ಮನೆಮಂದಿ ಒಟ್ಟಿಗೆ ಇರಲಿ ಎಂದು ನಿಮ್ಮ ಹೆಸರನ್ನೂ ಅದೇ ಟಿಕೆಟ್ಟಿಗೆ ಸೇರಿಸಿದರೆ ಆ ಸೌಲಭ್ಯ ಕೈತಪ್ಪಿ, ಹೃದಯದ ಚಿಕಿತ್ಸೆಯಾದವರು ಮೇಲಿನ ಬರ್ತ್ ಏರಬೇಕಾದೀತು. ತಂದೆ ತಾಯಿಗೆ ಒಂದು ಟಿಕೆಟ್, ನಿಮಗೆ ಇನ್ನೊಂದು ಎಂದು ಬೇರೆಬೇರೆಯಾಗಿ ಕಾಯ್ದಿರಿಸಿ. 2024ರ ನವೆಂಬರ್‌ನಿಂದ ಮುಂಗಡ ಬುಕಿಂಗ್ ಅವಧಿ 120 ದಿನಗಳಿಂದ 60 ದಿನಗಳಿಗೆ ಇಳಿದಿದೆ. ಡಾಕ್ಟರು ಮುಂದಿನ ತಾರೀಕು ಬರೆದುಕೊಟ್ಟ ಕೂಡಲೇ ಅದಕ್ಕೆ 60 ದಿನ ಹಿಂದಿನ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟುಕೊಂಡರೆ ತತ್ಕಾಲ್‌ನ ಹೆಚ್ಚುವರಿ ಹಣ ಉಳಿಯುತ್ತದೆ.

ಹಿರಿಯ ನಾಗರಿಕರಿಗೆ ರೈಲಿನಲ್ಲಿದ್ದ ದರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತುಹೋಯಿತು. ಅದನ್ನು ನಂಬಿ ಲೆಕ್ಕ ಹಾಕಬೇಡಿ. ಹೃದಯದ ಶಸ್ತ್ರಚಿಕಿತ್ಸೆ, ಕ್ಯಾನ್ಸರ್ ಚಿಕಿತ್ಸೆ, ಡಯಾಲಿಸಿಸ್‌ನಂತಹ ಕಾರಣಗಳಿಗೆ ಪ್ರಯಾಣಿಸುವ ರೋಗಿಗೂ ಜೊತೆಗಿರುವ ಒಬ್ಬರಿಗೂ ರಿಯಾಯಿತಿ ಈಗಲೂ ಉಳಿದಿದೆ. ಅದಕ್ಕೆ ಆಸ್ಪತ್ರೆಯವರು ನಿಗದಿತ ನಮೂನೆಯಲ್ಲಿ ಕೊಟ್ಟ ಪ್ರಮಾಣಪತ್ರ ಬೇಕು. ನಿಮ್ಮದು ಬರೀ ತಪಾಸಣೆಯಾದ್ದರಿಂದ ಈ ಬಾರಿಗೆ ಅನ್ವಯಿಸದಿರಬಹುದು, ಮುಂದೆ ಬೇಕಾದೀತೆಂದು ಹೇಳುತ್ತಿದ್ದೇನೆ.

ಬೆಂಗಳೂರಿನಲ್ಲಿ ಇಳಿದ ಮೇಲಿನ ದಾರಿ ಈಗ ಮೊದಲಿಗಿಂತ ಸುಲಭ. ನಿಲ್ದಾಣದ ನಿರೀಕ್ಷಣಾ ಕೊಠಡಿಯಲ್ಲಿ ಮುಖ ತೊಳೆದು, ಬಟ್ಟೆ ಬದಲಿಸಿ, ಎದುರಿಗಿರುವ ಮೆಜೆಸ್ಟಿಕ್ ಮೆಟ್ರೊ ನಿಲ್ದಾಣದಿಂದ ಹಸಿರು ಮಾರ್ಗದಲ್ಲಿ ರೇಷ್ಮೆ ಸಂಸ್ಥೆಯ ಕಡೆಗೆ ಹೋಗುವ ರೈಲು ಹತ್ತಿ. ಏಳನೆಯ ನಿಲ್ದಾಣ ಆರ್.ವಿ. ರಸ್ತೆ. ಅಲ್ಲಿ 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗಕ್ಕೆ ಬದಲಾಯಿಸಿದರೆ ರಾಗಿಗುಡ್ಡ ಕಳೆದು ಬರುವುದೇ ಜಯದೇವ ಆಸ್ಪತ್ರೆ ನಿಲ್ದಾಣ. 2025ರ ಫೆಬ್ರುವರಿಯ ಪರಿಷ್ಕರಣೆಯಲ್ಲಿ ಮೆಟ್ರೊ ದರ ಕನಿಷ್ಠ 10, ಗರಿಷ್ಠ 90 ರೂಪಾಯಿ ಎಂದಾಯಿತು. ‘ದುಬಾರಿಯಾಯಿತು’ ಎಂಬ ಬೆಂಗಳೂರಿಗರ ದೂರು ನ್ಯಾಯವೇ ಆದರೂ, ಬೆಳಗಿನ ಹೊತ್ತು ಆಟೊದವರೊಡನೆ ಚರ್ಚೆ ಮಾಡುವುದಕ್ಕಿಂತ ಇದು ಅಗ್ಗ ಮತ್ತು ನಿಶ್ಚಿತ. ಲಿಫ್ಟ್‌ಗಳಿರುವುದರಿಂದ ತಂದೆಯವರಿಗೆ ಮೆಟ್ಟಿಲು ಹತ್ತುವ ಪ್ರಮೇಯವೂ ಬಾರದು. ಬರಿಹೊಟ್ಟೆಯಲ್ಲಿ ರಕ್ತಪರೀಕ್ಷೆ ಇದ್ದರೆ, ನೆಲಮಂಗಲ ಸಮೀಪಿಸುವಾಗ ‘ಚಾಯ್, ಕಾಫಿ’ ಎನ್ನುತ್ತ ಬೋಗಿಗೆ ಬರುವವರಿಂದ ತಂದೆಯವರನ್ನು ಸ್ವಲ್ಪ ಕಾಪಾಡಬೇಕು. ಒಂದು ಲೋಟ ಸಿಹಿ ಚಹಾದಿಂದ ಇಡೀ ಬೆಳಗಿನ ಸರದಿ ವ್ಯರ್ಥವಾಗಬಹುದು.

ಪಂಚಗಂಗಾ ಬೆಂಗಳೂರಿನಿಂದ ಹೊರಡುವುದು ಸಂಜೆ ಏಳು ಗಂಟೆಗೂ ಮೊದಲು. ಆಸ್ಪತ್ರೆಯಲ್ಲಿ ವರದಿ ತಡವಾದರೆ ಅದು ತಪ್ಪಿಹೋಗುವ ಸಂಭವವಿದೆ. ಮಧ್ಯಾಹ್ನ ಮೂರರ ಹೊತ್ತಿಗೂ ಕೆಲಸ ಮುಗಿಯುವ ಲಕ್ಷಣ ಕಾಣದಿದ್ದರೆ ರೈಲಿನ ಆಸೆ ಬಿಟ್ಟು, ರಾತ್ರಿಯ ಕೆಎಸ್ಆರ್‌ಟಿಸಿ ಬಸ್ಸಿಗೆ ಮೊಬೈಲಿನಲ್ಲಿಯೇ ಸೀಟು ಮಾಡಿಸಿಬಿಡಿ. ಇದರಲ್ಲಿ ರೈಲಿನ ಟಿಕೆಟ್ಟಿನ ಹಣ ಹೋದರೂ ಅದು ಮೂವರ ಲಾಡ್ಜ್ ಖರ್ಚಿಗಿಂತ ಕಡಿಮೆ.

ಪ್ರಶ್ನೆ: ನಾನು ಮಂಗಳೂರಿನ ಯುವತಿ. ವಿಧಾನಸೌಧದ ಬಳಿಯ ಕಚೇರಿಯೊಂದರಲ್ಲಿ ಬೆಳಿಗ್ಗೆ 11ಕ್ಕೆ ಸಂದರ್ಶನವಿದೆ. ಶಕ್ತಿ ಯೋಜನೆಯಲ್ಲಿ ಉಚಿತವಾಗಿ ಹೋಗಿಬರಬಹುದೆಂದು ಮನೆಯವರು ಹೇಳುತ್ತಾರೆ. ಹಾಗೆ ಹೋಗುವುದು ಸರಿಯೆ?

ಉತ್ತರ: 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ, ಅಂದರೆ ನಾವು ಕೆಂಪು ಬಸ್ ಎನ್ನುವ ‘ಕರ್ನಾಟಕ ಸಾರಿಗೆ’ಯಲ್ಲಿ ಅನ್ವಯಿಸುತ್ತದೆ. ರಾಜಹಂಸ, ಪಲ್ಲಕ್ಕಿ, ಐರಾವತ, ಅಂಬಾರಿ ಬಸ್ಸುಗಳಿಗೆ ಅದು ಇಲ್ಲ. ಬಿಜೈ ನಿಲ್ದಾಣದಿಂದ ಕೆಂಪು ಬಸ್ಸಿನಲ್ಲಿ ಮೆಜೆಸ್ಟಿಕ್‌ವರೆಗೆ ಹೋದರೆ ಒಂದು ರೂಪಾಯಿಯೂ ಖರ್ಚಿಲ್ಲ ಎಂಬುದು ನಿಜ. 350 ಕಿಲೋಮೀಟರ್ ದೂರವನ್ನು ಕುಳಿತೇ ಕಳೆಯಬೇಕು, ಶಿರಾಡಿಯ ತಿರುವುಗಳಲ್ಲಿ ನಿದ್ದೆ ಹತ್ತುವುದಿಲ್ಲ ಎಂಬುದೂ ಅಷ್ಟೇ ನಿಜ. ಸಂದರ್ಶನಕ್ಕೆ ಕೆಂಪು ಕಣ್ಣು ಮಾಡಿಕೊಂಡು ಹೋಗುವ ಉಳಿತಾಯ ನನಗೆ ಒಪ್ಪಿಗೆಯಿಲ್ಲ.

ಹೋಗುವಾಗ ಹಣ ಕೊಟ್ಟು ಮಲಗಿಕೊಂಡು ಹೋಗಿ, ಬರುವಾಗ ಶಕ್ತಿಯನ್ನು ಬಳಸಿ. ಕಣ್ಣೂರಿನಿಂದ ಮಂಗಳೂರು ಸೆಂಟ್ರಲ್ ಮೂಲಕ ಬೆಂಗಳೂರು ಸಿಟಿಗೆ ಹೋಗುವ ರಾತ್ರಿ ರೈಲಿನ ಸ್ಲೀಪರ್ ಟಿಕೆಟ್ 300 ರೂಪಾಯಿಯೊಳಗೆ ಸಿಗುತ್ತದೆ, ಬೆಳಿಗ್ಗೆ ಏಳರ ಆಸುಪಾಸಿಗೆ ನಿಮ್ಮನ್ನು ತಲುಪಿಸುತ್ತದೆ. ಮುರ್ಡೇಶ್ವರದಿಂದ ಬರುವ ಇನ್ನೊಂದು ರಾತ್ರಿ ರೈಲು ಮೈಸೂರು ಸುತ್ತಿಕೊಂಡು, ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್‌ನಲ್ಲಿ ಕೊನೆಗೊಳ್ಳುತ್ತದೆ; ಅಲ್ಲಿಂದ ಮೆಟ್ರೊ ನಿಲ್ದಾಣ ತಲುಪಲು ಮತ್ತೆ ಬಸ್ಸೋ ಆಟೊವೋ ಬೇಕು. ಮೊದಲನೆಯದರಲ್ಲಿ ಸೀಟು ಸಿಗದಿದ್ದರೆ ಮಾತ್ರ ಎರಡನೆಯದನ್ನು ನೋಡಿ. ಹಗಲಿನಲ್ಲಿ ಓಡುವ ರೈಲುಗಳು ವಾರದ ಕೆಲವು ದಿನ ಮಾತ್ರ ಇದ್ದು, ಸಂಜೆ ತಲುಪುವುದರಿಂದ ನಿಮ್ಮ ಉದ್ದೇಶಕ್ಕೆ ಒದಗುವುದಿಲ್ಲ.

ಮೆಜೆಸ್ಟಿಕ್‌ನಿಂದ ನೇರಳೆ ಮಾರ್ಗದಲ್ಲಿ ವೈಟ್‌ಫೀಲ್ಡ್ ಕಡೆಗೆ ಎರಡನೆಯ ನಿಲ್ದಾಣವೇ ವಿಧಾನಸೌಧ. ಬೆಂಗಳೂರಿನ ಇಂದಿರಾ ಕ್ಯಾಂಟೀನ್‌ಗಳಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ದೊರೆಯುತ್ತದೆ. ಬೆಳಿಗ್ಗೆ ತಡಮಾಡಿದರೆ ಇಡ್ಲಿ ಮುಗಿದಿರುತ್ತದೆ.

ಶಕ್ತಿಯಲ್ಲಿ ಮರಳುವಾಗ ವಿಳಾಸವಿರುವ ಗುರುತಿನ ಚೀಟಿಯ ಮೂಲ ಪ್ರತಿಯನ್ನಾಗಲಿ, ಡಿಜಿಲಾಕರ್‌ನಲ್ಲಿರುವುದನ್ನಾಗಲಿ ತೋರಿಸಬೇಕು. ಆಧಾರ್ ಕಾರ್ಡಿನ ಫೋಟೊ ತೆಗೆದು ಮೊಬೈಲಿನಲ್ಲಿಟ್ಟುಕೊಂಡು ನಿರ್ವಾಹಕರೊಡನೆ ವಾದಿಸುವವರನ್ನು ಬಹಳ ಸಲ ಕಂಡಿದ್ದೇನೆ, ವಾದ ಗೆದ್ದವರನ್ನು ಕಂಡಿಲ್ಲ. ಶುಕ್ರವಾರ ರಾತ್ರಿಯಾದರೆ ಕೆಂಪು ಬಸ್ಸಿನಲ್ಲಿ ಜಾಗ ಸಿಗುವುದೇ ಕಷ್ಟ. ಅಂತಹ ದಿನ ಬೇಗನೆ ಹೋಗಿ, ಬಸ್ ಹೊರಡುವ ಅಂಕಣದಲ್ಲಿಯೇ ಕಾಯಬೇಕು. ಅಷ್ಟು ತಾಳ್ಮೆ ಇಲ್ಲದಿದ್ದರೆ ಸೀಟು ಕಾಯ್ದಿರಿಸಿದ ಬಸ್ಸೇ ಮೇಲು. ಬಸ್ಸಿನಲ್ಲಿಯೇ ಎರಡೂ ಕಡೆ ಹೋಗುವವರು ಹೋಗುವ, ಬರುವ ಟಿಕೆಟ್‌ಗಳನ್ನು ಒಟ್ಟಿಗೆ ಮಾಡಿಸಿದರೆ ಮರುಪ್ರಯಾಣದ ದರದಲ್ಲಿ ಶೇಕಡಾ 10ರಷ್ಟು, ನಾಲ್ವರು ಅಥವಾ ಹೆಚ್ಚು ಮಂದಿ ಒಂದೇ ಟಿಕೆಟ್ಟಿನಲ್ಲಿದ್ದರೆ ಶೇಕಡಾ 5ರಷ್ಟು ರಿಯಾಯಿತಿಯನ್ನು ಕೆಎಸ್ಆರ್‌ಟಿಸಿ ಕೊಡುತ್ತದೆ. ಹಬ್ಬದ ದಿನಗಳಲ್ಲಿ ಖಾಸಗಿ ಬಸ್ಸುಗಳ ದರ ಎಲ್ಲಿಗೆ ಏರುತ್ತದೆಂಬುದು ಕರಾವಳಿಯವರಿಗೆ ಹೇಳಿಕೊಡಬೇಕಾದ ವಿಷಯವಲ್ಲ.

ಪ್ರಶ್ನೆ: ಸುರತ್ಕಲ್‌ನಲ್ಲಿದ್ದೇವೆ. 8 ಮತ್ತು 13 ವರ್ಷದ ಇಬ್ಬರು ಮಕ್ಕಳು. ಒಂದು ಭಾನುವಾರ ಸ್ವಂತ ಕಾರಿನಲ್ಲಿಯೇ ಬೆಂಗಳೂರು ತೋರಿಸಿ ಬರೋಣವೆಂದಿದ್ದೇವೆ. ನಾಲ್ವರಿದ್ದಾಗ ಕಾರೇ ಅಗ್ಗವಲ್ಲವೆ?

ಉತ್ತರ: ಅಲ್ಲ. ಹೋಗಿಬರಲು 700 ಕಿಲೋಮೀಟರಿಗೂ ಹೆಚ್ಚು. ಲೀಟರಿಗೆ 16 ಕಿಲೋಮೀಟರ್ ಓಡುವ ಕಾರಿಗೆ 44 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ 100 ರೂಪಾಯಿಯಂತೆ ಹಿಡಿದರೂ 4,400 ರೂಪಾಯಿ ಆಯಿತು, ಟೋಲ್ ಮತ್ತು ಪಾರ್ಕಿಂಗ್ ಬೇರೆ. ಸ್ಲೀಪರ್ ದರ್ಜೆಯಲ್ಲಿ ನಾಲ್ವರಿಗೂ ಪೂರ್ಣ ದರ ಕೊಟ್ಟರೂ ಇದರ ಸುಮಾರು ಅರ್ಧದಲ್ಲಿ ಮುಗಿಯುತ್ತದೆ. ಐದರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಬರ್ತ್ ಬೇಡವೆಂದರೆ ಅರ್ಧ ದರ ಎಂಬ ನಿಯಮವಿದೆ, ಆದರೆ ರಾತ್ರಿ ಪ್ರಯಾಣದಲ್ಲಿ ಎಂಟು ವರ್ಷದ ಮಗುವಿಗೆ ಬರ್ತ್ ತೆಗೆದುಕೊಳ್ಳದೆ ಉಳಿಸುವ ಹಣಕ್ಕೆ ತಾಯಿಯ ನಿದ್ದೆಯೇ ಬೆಲೆ. ಹಣಕ್ಕಿಂತ ಮುಖ್ಯವಾಗಿ, ಹಗಲು ಊರು ಸುತ್ತಿ ರಾತ್ರಿ ಒಬ್ಬರೇ ಘಟ್ಟ ಇಳಿಸುತ್ತ ಕಾರು ಓಡಿಸುವುದು ಅಪಾಯಕಾರಿ. ಪಂಚಗಂಗಾ ಸುರತ್ಕಲ್‌ನಲ್ಲಿಯೇ ನಿಲ್ಲುತ್ತದೆ.

ಭಾನುವಾರ ಮೆಟ್ರೊ ಉಳಿದ ದಿನಗಳಿಗಿಂತ ತಡವಾಗಿ ಆರಂಭವಾಗುತ್ತದೆ. ರೈಲಿಳಿದು ತಿಂಡಿ ಮುಗಿಸುವಷ್ಟರಲ್ಲಿ ಆ ತೊಂದರೆ ಕಳೆದಿರುತ್ತದೆ. ಒಂದು ದಿನಕ್ಕೆ ಕಬ್ಬನ್ ಪಾರ್ಕ್, ಅದರ ಪಕ್ಕದ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ, ಲಾಲ್‌ಬಾಗ್, ಇಷ್ಟೇ ಇಟ್ಟುಕೊಳ್ಳಿ. ವಿಧಾನಸೌಧವನ್ನು ಒಳಗಿನಿಂದ ತೋರಿಸುವ ಮಾರ್ಗದರ್ಶಿ ಪ್ರವಾಸ 2025ರ ಜೂನ್‌ನಲ್ಲಿ ಭಾನುವಾರಗಳಲ್ಲೂ ಆರಂಭವಾಗಿದ್ದು, ಮೊದಲೇ ಹೆಸರು ನೋಂದಾಯಿಸಬೇಕು. ಬನ್ನೇರುಘಟ್ಟವನ್ನೂ ಸೇರಿಸಿದರೆ ದಿನವೆಲ್ಲ ಟ್ರಾಫಿಕ್ಕಿನಲ್ಲಿ ಕಳೆದು, ಸಂಜೆಯ ರೈಲೂ ತಪ್ಪೀತು.

ಮಳೆಗಾಲದಲ್ಲಿ ಹೊರಡುವವರು ಇನ್ನೊಂದನ್ನು ಗಮನಿಸಬೇಕು. ಸುಬ್ರಹ್ಮಣ್ಯ ರೋಡ್ ಮತ್ತು ಸಕಲೇಶಪುರದ ನಡುವಿನ 55 ಕಿಲೋಮೀಟರ್ ಹಳಿ 57 ಸುರಂಗಗಳನ್ನು ಹಾದು ಘಟ್ಟ ಹತ್ತುತ್ತದೆ. 2024ರ ಜುಲೈಯಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿಯ ನಡುವೆ ಭೂಕುಸಿತವಾದಾಗ ಹಲವು ದಿನ ರೈಲುಗಳು ರದ್ದಾಗಿದ್ದವು. ಶಿರಾಡಿಯ ರಸ್ತೆಗೂ ಆಗಾಗ ಇದೇ ಗತಿ. ರೈಲ್ವೆಯವರೇ ರೈಲನ್ನು ರದ್ದುಮಾಡಿದರೆ ಟಿಕೆಟ್ಟಿನ ಪೂರ್ಣ ದರ ಹಿಂದಿರುಗುತ್ತದೆ. ಮಕ್ಕಳ ಪ್ರವಾಸವನ್ನು ನವೆಂಬರ್ ಬಳಿಕ ಇಟ್ಟುಕೊಂಡರೆ ಈ ಯೋಚನೆ ಇರುವುದಿಲ್ಲ, ಆದರೆ ಡಿಸೆಂಬರ್ ಕೊನೆಯ ವಾರದ ರಜೆಗೆ 60 ದಿನ ಮೊದಲೇ ಟಿಕೆಟ್ ಮಾಡಿಸಬೇಕು.