ಪೈಪೋಟಿಯಲ್ಲಿ ಯಾವಾಗ ಹೊಸದು ಹುಡುಕಬೇಕು, ಯಾವಾಗ ಕಾಪಿ ಮಾಡಬೇಕು: ಇದನ್ನು ಜೆನೆಟಿಕ್ ಅಲ್ಗಾರಿದಮ್ ಕಲಿಯುತ್ತದಾ?

ಕಲಿಯುತ್ತದೆ. ಜೆನೆಟಿಕ್ ಅಲ್ಗಾರಿದಮ್ ಅಂದರೆ ಹಲವು ಉತ್ತರಗಳಲ್ಲಿ ಚೆನ್ನಾಗಿರುವವನ್ನು ಉಳಿಸಿಕೊಂಡು, ಬೆರೆಸಿ, ಅಲ್ಲಲ್ಲಿ ಬದಲಿಸಿ, ತಲೆಮಾರಿನಿಂದ ತಲೆಮಾರಿಗೆ ಉತ್ತಮಗೊಳಿಸುವ ಕಂಪ್ಯೂಟರ್ ವಿಧಾನ. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುವಾಗ ನಾನೂ ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಇದನ್ನೇ ತೆಗೆದುಕೊಂಡಿದ್ದೆ. ಅಲ್ಲಿ ಮಾಡಿದ ತಪ್ಪನ್ನೂ ಹೇಳುತ್ತೇನೆ, ನಿಮ್ಮ ಪ್ರಾಜೆಕ್ಟ್‌ಗೆ ಉಪಯೋಗವಾಗಲಿ.

ನಮ್ಮೂರ ಬೆಣ್ಣೆದೋಸೆ ತಗೊಳ್ಳಿ. ಅಕ್ಕಿ, ಉದ್ದಿನಬೇಳೆ, ಮಂಡಕ್ಕಿ, ಹಿಟ್ಟು ಹುಳಿ ಬರುವ ಹೊತ್ತು, ಕಾವಲಿಯ ಕಾವು. ಮಂಡಕ್ಕಿ ಜಾಸ್ತಿ ಹಾಕಿದರೆ ನೀರಿನ ಅಳತೆಯೂ ಬದಲಾಗಬೇಕು, ಅಲ್ವಾ? ಒಂದಕ್ಕೊಂದು ಹೀಗೆ ತಗುಲಿಕೊಂಡಿರುವುದನ್ನೇ ಸ್ಟುವರ್ಟ್ ಕಾಫ್‌ಮನ್ ಅವರ ಎನ್‌ಕೆ ಮಾದರಿ ಹಿಡಿಯುತ್ತದೆ. ಎನ್ ಅಂದರೆ ಒಟ್ಟು ಅಂಶಗಳು. ಕೆ ಅಂದರೆ ಪ್ರತಿ ಅಂಶವೂ ಉಳಿದ ಎಷ್ಟು ಅಂಶಗಳ ಮೇಲೆ ನಿಂತಿದೆ ಅನ್ನುವುದು. ಅಂಶಗಳ ಒಂದೊಂದು ಜೋಡಣೆಯನ್ನೂ ಒಂದು ಜಾಗ ಅಂದುಕೊಳ್ಳಿ, ಫಲ ಚೆನ್ನಾಗಿದ್ದಷ್ಟೂ ಜಾಗ ಎತ್ತರ. ಕೆ ಸೊನ್ನೆಯಾದರೆ ಒಂದೇ ಗುಡ್ಡ, ಸುಮ್ನೆ ಹತ್ತುತ್ತಾ ಹೋದರೆ ತುದಿ ಸಿಗುತ್ತದೆ. ಕೆ ಹೆಚ್ಚಿದರೆ ಚಿತ್ರದುರ್ಗದ ಕೋಟೆ ಬೆಟ್ಟದಂತೆ. ಒಂದು ಬಂಡೆ ಹತ್ತಿ ನಿಂತರೆ ಪಕ್ಕದ್ದು ಇನ್ನೂ ಎತ್ತರ ಕಾಣುತ್ತದೆ, ಅಲ್ಲಿಗೆ ಹೋಗಲು ಕೆಳಗೆ ಇಳಿಯಲೇಬೇಕು.

ಈಗ ಮುಖ್ಯ ಮಾತು. ಇಲ್ಲಿ ವಿಕಾಸವಾಗಬೇಕಾದ್ದು ದೋಸೆಯಲ್ಲ, ಹುಡುಕುವ ರೀತಿ. 1987ರಲ್ಲಿ ರಾಬರ್ಟ್ ಆಕ್ಸೆಲ್‌ರಾಡ್ ಕೈದಿಗಳ ಸಂದಿಗ್ಧದ ಆಟಕ್ಕೆ ಇದನ್ನೇ ಮಾಡಿದರು. ಆ ಆಟದಲ್ಲಿ ಇಬ್ಬರೂ ಪ್ರತಿ ಸುತ್ತಿನಲ್ಲಿ ಸಹಕರಿಸಬೇಕೋ, ಕೈಕೊಡಬೇಕೋ ಅಂತ ಆರಿಸುತ್ತಾರೆ. ಒಂದೊಂದು ತಂತ್ರಕ್ಕೂ 70 ಜೀನ್, ಅಂದರೆ ತಂತ್ರವನ್ನು ಬರೆದಿಡುವ 70 ಚಿಕ್ಕ ತುಣುಕು. ಅದರಲ್ಲಿ 64 ಜೀನ್‌ಗಳು, ಹಿಂದಿನ ಮೂರು ಸುತ್ತಿನಲ್ಲಿ ಹೀಗಾಗಿದ್ದರೆ ಈಗ ಏನು ಮಾಡಬೇಕು ಅಂತ ಹೇಳುತ್ತಿದ್ದವು. ನೀವೂ ಹಾಗೇ ಬರೆಯಿರಿ: ನಾನು ಹಿಂದಿದ್ದೇನಾ, ಕಳೆದ ಸಲ ಲಾಭ ಏರಿತಾ? ಒಂದೊಂದು ಪರಿಸ್ಥಿತಿಗೂ ಒಂದು ಉತ್ತರ: ಚೂರು ಬದಲಿಸು, ದೂರ ಜಿಗಿ, ಇಲ್ಲವೇ ಮುಂದಿರುವವನನ್ನು ಕಾಪಿ ಮಾಡು.

ನಾವು ಎಡವಿದ್ದು ಅಂಕ ನೋಡುವುದರಲ್ಲಿ. ಯಾರು ಗೆದ್ದರು ಅನ್ನುವುದನ್ನಷ್ಟೇ ಬರೆದುಕೊಳ್ಳುತ್ತಿದ್ದೆವು. ಕಾಪಿ ಮಾಡುವವರು ತಲೆಮಾರಿನಿಂದ ತಲೆಮಾರಿಗೆ ಗೆಲ್ಲುತ್ತಾ ಹೋದರು, ನಮಗೆ ಖುಷಿ. ಗೈಡ್ ಮೇಡಂ ಗ್ರಾಫ್ ನೋಡಿ, "ಗೆದ್ದವರು ಇರಲಿ, ಸಿಕ್ಕ ಉತ್ತರ ಎಷ್ಟು ಎತ್ತರದ್ದು?" ಅಂದರು. ಆ ರಾತ್ರಿ ಅದನ್ನೂ ಗ್ರಾಫ್ ಹಾಕಿ ನೋಡಿದರೆ ಗೆರೆ ಇಳಿಯುತ್ತಾ ಬಂದಿತ್ತು! ಹೊಸದು ಹುಡುಕುವವರೇ ಅಳಿದು ಹೋಗಿದ್ದರು. ಉಳಿದವರೆಲ್ಲ ಒಬ್ಬರನ್ನೊಬ್ಬರು ನೋಡಿಕೊಂಡು ಒಂದೇ ಚಿಕ್ಕ ಗುಡ್ಡದ ಮೇಲೆ ನಿಂತಿದ್ದರು.

ಹಾಗಂತ ಕಾಪಿ ಕೆಟ್ಟದ್ದಲ್ಲ. ತಾನೇ ಹುಡುಕಬೇಕೋ, ಬೇರೆಯವರನ್ನು ಕಾಪಿ ಮಾಡಬೇಕೋ ಅನ್ನುವುದರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಒಂದು ಕಂಪ್ಯೂಟರ್ ಪಂದ್ಯಾವಳಿಗೆ 104 ತಂತ್ರಗಳು ಬಂದಿದ್ದವು, ಗೆದ್ದದ್ದು ಹೆಚ್ಚಾಗಿ ಕಾಪಿ ಮಾಡುವ ತಂತ್ರವೇ. ಎದುರಿಗೆ ಯಾರಿದ್ದಾರೆ ಅನ್ನುವುದರ ಮೇಲೆ ತಂತ್ರದ ಬೆಲೆ ನಿಂತಿದೆ. ಅದಕ್ಕೇ ಹಳೆಯ ಗೆದ್ದವರನ್ನು ಅಳಿಸಬೇಡಿ, ಹೊಸಬರನ್ನು ಅವರ ಜೊತೆಗೂ ಆಡಿಸಿ.

ಮೊದಲು ಎನ್ 10 ಇಟ್ಟುಕೊಳ್ಳಿ, ಪ್ರತಿ ಅಂಶಕ್ಕೂ ಎರಡೇ ಆಯ್ಕೆ ಇದ್ದರೆ ಒಟ್ಟು 1024 ಸಾಧ್ಯತೆ ಅಷ್ಟೇ. ಎಲ್ಲವನ್ನೂ ಲೆಕ್ಕ ಹಾಕಿ ನಿಜವಾದ ತುದಿ ಯಾವುದು ಅಂತ ಮೊದಲೇ ತಿಳಿಯಬಹುದು. ಆಮೇಲೆ ಕೆ 0, 3, 7 ಇಟ್ಟು ಓಡಿಸಿ. ಕೋಡ್‌ನಲ್ಲಿ ಎಲ್ಲಾದರೂ ಸಿಕ್ಕಿಕೊಂಡರೆ ಇಲ್ಲೇ ಕೇಳಿ, ನೋಡುತ್ತೇನೆ.